ಶನಿವಾರದ ಬಿಳಿ ಸೀರೆ

ಎಡಗೈಗೆ ಸಲೀಸಾಗಿ ಇಳಿದ ಹಸಿರು ಬಳೆ ಬಲಗೈಯಲ್ಲಿ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತು. ಹಿತ್ತಿಲಿನಲ್ಲಿ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ ಶಾಂತಮ್ಮನ ಹೆಣಕ್ಕೆ ನೀರು ಹಾಕಿದ್ದ ಹೆಂಗಸರು ಈಗ ಸೋಪು ಸವರಿ ಬಳೆಯನ್ನು ಒತ್ತುತ್ತಿದ್ದರು.

"ಮುರ್ದೋಯ್ತದೆ, ಮೆಲ್ಲುಕೆ."

"ಆ ಕೈಗೆ ಓಯ್ತಲ್ಲ, ಇದ್ಕೇನಾಯ್ತು? ಊದ್ಕಂಡದಾ?"

"ಊತ ಅಲ್ಲ ಕಣೆ," ಎಂದಳು ದೊಡ್ಡತಾಯಮ್ಮ, ಶಾಂತಮ್ಮನ ಗಂಡನ ಅಕ್ಕ. "ಮದ್ವೇಲೂ ಇಂಗೇ ಇತ್ತು. ಬಳೆಗಾರ ಕೈಗೊಂದು ಅಳ್ತೆ ಕೊಟ್ಟಿದ್ದ. ಬ್ಯಾಟು ಬೀಸಿ ಬೀಸಿ ಗಂಡಸಿನ ಕೈ ಆಗೋಗಿತ್ತು. ದೊಡ್ಡ ಅಳ್ತೇದು ತಕಬನ್ರವ್ವ."

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ರಂಗಸ್ವಾಮಿಗೆ ಅಕ್ಕನ ಮಾತು ಕೇಳಿಸಿತು. ಆದರೆ ಅವನ ಕಣ್ಣು ನಡುಮನೆಯನ್ನು ದಾಟಿ ಮುಂದಿನ ಗೇಟಿನ ಮೇಲಿತ್ತು. ಅಲ್ಲಿ ಒಬ್ಬ ಉದ್ದನೆಯ ಮುದುಕ ಹೂವಿನ ಹಾರ ಹಿಡಿದು ಕ್ಯಾನ್ವಾಸ್ ಶೂ ಬಿಚ್ಚುತ್ತಿದ್ದ. ಅವನನ್ನು ರಂಗಸ್ವಾಮಿ ಎದುರಿಗೆ ಕಂಡದ್ದು ಒಂದೇ ಸಲ, ಅದೂ ರಸ್ತೆಯ ಈಚೆಯಿಂದ. ಫೋಟೋದಲ್ಲಿ ಮಾತ್ರ ದಿನವೂ ನೋಡಿದ್ದ. ನಡುಮನೆಯ ಗೂಡಿನಲ್ಲಿರುವ ಆ ಫೋಟೋದಲ್ಲಿ ಆಗಿನ್ನೂ ಶಾಂತಿಯಾಗಿದ್ದ ಬಿಳಿ ಲಂಗದ ಶಾಂತಮ್ಮನೂ ಈ ಮಂಚಯ್ಯನೂ ಗೆದ್ದ ಒಂದೇ ಕಪ್ಪಿನ ಎರಡು ಕಿವಿ ಹಿಡಿದು ನಿಂತಿದ್ದಾರೆ.

ಮಂಚಯ್ಯನನ್ನು ಗೇಟಿನಲ್ಲಿ ತಡೆದವನು ದಾಯಾದಿ ಮಂಜುನಾಥ.

"ಯಾವೂರಾಯ್ತು? ಯಾರ ಪೈಕಿ?"

"ಹೊಳೆನರಸೀಪುರ. ಆಟದ ಪೈಕಿ ಕಣಣ್ಣ."

"ಅಂಗೊಂದು ಪೈಕಿ ಬೇರೆ ಅದಾ?"

"ಇತ್ತು. ಇಬ್ರಿದ್ದೋ. ಈಗ ಒಬ್ನೇ."

ಇಬ್ಬರಿದ್ದರಂತೆ. ರಂಗಸ್ವಾಮಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೆಣ ಎತ್ತುವುದು ಮೂರು ಗಂಟೆಗೆ. ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿಯಿಂದ ತವರಿನ ಸೀರೆ ಬರುವುದಷ್ಟೇ ಬಾಕಿ. ಆಮೇಲೆ ಮಲ್ಲಿಪಟ್ಟಣದ ಹೊಲದಲ್ಲಿ ಗಂಡನಾಗಿ ತಾನು ಮೂರು ಹಿಡಿ ಮಣ್ಣು ಹಾಕಬೇಕು. ಹಾಕುವ ಮೊದಲು ಒಂದು ವಿಷಯ ತಿಳಿಯಬೇಕಿತ್ತು. ಇಷ್ಟು ವರ್ಷ ತನ್ನ ಜೊತೆ ಬಾಳಿದವಳು ತನ್ನ ಹೆಂಡತಿಯಾಗಿಯೇ ಬಾಳಿದ್ದಳೇ?

*

ದಂಡಿಗನಹಳ್ಳಿ ಬಿಟ್ಟು ಬಂದಿದ್ದ ಶಾಂತಿಯ ಅಪ್ಪ ಹಾಸನದ ಒಂದು ಕ್ಲಬ್ಬಿನಲ್ಲಿ ಗುಮಾಸ್ತ. ಕ್ವಾರ್ಟರ್ಸಿನ ಹಿಂದೆಯೇ ಟೆನಿಸ್ ಅಂಗಳ. ಮೆಂಬರುಗಳು ಬರುವ ಮುಂಚೆ, ಮಧ್ಯಾಹ್ನದ ಬಿಸಿಲಲ್ಲಿ, ಹಳೆಯ ರಾಕೆಟ್ ಹಿಡಿದು ಗೋಡೆಗೆ ಹೊಡೆದೇ ಅವಳು ಆಟ ಕಲಿತಳು. ಕಾಲೇಜು ಸೇರಿದ ಮೇಲೆ ಮೈಸೂರಿನ ದಸರಾ ಪಂದ್ಯಗಳಲ್ಲಿ ಮೂರು ವರ್ಷ ಸತತವಾಗಿ ಹೆಂಗಸರ ಸಿಂಗಲ್ಸ್ ಗೆದ್ದಳು. ಕೊನೆಯ ವರ್ಷ ಸಹಪಾಠಿ ಮಂಚಯ್ಯನ ಜೊತೆ ಮಿಕ್ಸೆಡ್ ಡಬಲ್ಸನ್ನೂ ಗೆದ್ದಳು. ಪತ್ರಿಕೆಗಳಲ್ಲಿ ಫೋಟೋ ಬಂತು. ಜಿಲ್ಲೆಯಿಂದ ಆಟದಲ್ಲಿ ಅಷ್ಟು ಮುಂದೆ ಹೋದ ಹೆಂಗಸು ಅವಳಿಗಿಂತ ಮುಂಚೆ ಇರಲಿಲ್ಲ.

ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ರಂಗಸ್ವಾಮಿ ಅವಳನ್ನು ಮದುವೆಯಾದದ್ದು ೧೯೭೮ರಲ್ಲಿ. ಮೊದಲ ವಾರದಲ್ಲೇ ಹೇಳಿದ: "ಇನ್ಮೇಲೆ ಆಟ ಗೀಟ ಸಾಕು."

"ಆಯ್ತು," ಎಂದಳು.

ಎರಡನೇ ಮಾತಿಲ್ಲ. ಅತ್ತಿದ್ದರೆ, ಜಗಳ ತೆಗೆದಿದ್ದರೆ ಅವನು ನಂಬುತ್ತಿದ್ದ. ಮೂರು ಸಲ ಗೆದ್ದವಳು ಇಷ್ಟು ಸುಲಭಕ್ಕೆ ಬಿಡುತ್ತಾಳೆಯೇ? ಗೆದ್ದ ಕಪ್ಪುಗಳಲ್ಲಿ ಒಂದಕ್ಕೆ ಅವಳೇ ಗುಂಡಿ, ಪಿನ್ನು ತುಂಬಿಟ್ಟಳು. ಇನ್ನೊಂದರಲ್ಲಿ ಊದಿನಕಡ್ಡಿ.

ಮಗ ರವೀಂದ್ರ ಶಾಲೆಗೆ ಹೋಗತೊಡಗಿದ ಮೇಲೆ ಅವಳ ಶನಿವಾರಗಳು ಶುರುವಾದವು. ಹೊಳೆನರಸೀಪುರದ ನರಸಿಂಹಸ್ವಾಮಿಗೆ ಹರಕೆ ಎಂದಳು. ಮಧ್ಯಾಹ್ನದ ಬಸ್ಸಿಗೆ ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವಳ ಚೀಲದಲ್ಲಿ ಮೊದಲು ಕೈ ಹಾಕಿದವಳು ದೊಡ್ಡತಾಯಮ್ಮ.

"ಲೇ ರಂಗ, ಗಂಡ ಗುಂಡುಕಲ್ಲಂಗೆ ಕುಂತಿರೋವಾಗ ಬಿಳೇ ಸೀರೆ ಯಾಕ್ಲಾ ಇವ್ಳಿಗೆ? ನೀನು ಯಾವಾಗ ಸಾಯ್ತೀಯ ಅಂತ ಕಾಯ್ತಾವ್ಳಾ?"

ಅಂದಿನಿಂದ ರಂಗಸ್ವಾಮಿ ಒಂದೊಂದನ್ನೇ ಗಮನಿಸತೊಡಗಿದ. ದೇವಸ್ಥಾನದಿಂದ ಬಂದವಳ ಹಣೆಯಲ್ಲಿ ಕುಂಕುಮ ಇರುತ್ತಿರಲಿಲ್ಲ, ಬೆವರಲ್ಲಿ ಅಳಿಸಿರುತ್ತಿತ್ತು. ಮುಖ ಕೆಂಪೇರಿರುತ್ತಿತ್ತು. ಪ್ರಸಾದ ತಂದದ್ದಿಲ್ಲ. ಚೀಲದಲ್ಲಿ ಮುದುರಿದ್ದ ಬಿಳಿ ಸೀರೆಯ ಅಂಚಿನಲ್ಲಿ ಕೆಮ್ಮಣ್ಣು. ಎಲ್ಲಕ್ಕಿಂತ ಹೆಚ್ಚಾಗಿ, ಶನಿವಾರ ರಾತ್ರಿ ಮುದ್ದೆ ಕಟ್ಟುವಾಗ ಅವಳು ತನ್ನಷ್ಟಕ್ಕೆ ತಾನೇ ಹಾಡಿಕೊಳ್ಳುತ್ತಿದ್ದಳು. ಅದನ್ನು ಮಾತ್ರ ಅವನಿಂದ ಸಹಿಸಲಾಗುತ್ತಿರಲಿಲ್ಲ.

ಮಂಚಯ್ಯ ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬನ ಬಾಯಿಂದ ತಿಳಿಯಿತು. ಒಂದು ಶನಿವಾರ ರಂಗಸ್ವಾಮಿ ಅಂಗಡಿ ಬಾಗಿಲು ಹಾಕಿ ಅವಳಿಗಿಂತ ಮುಂಚಿನ ಬಸ್ಸು ಹಿಡಿದ. ಬಸ್ ನಿಲ್ದಾಣದ ಶೌಚಾಲಯದಿಂದ ಬಿಳಿ ಸೀರೆಯುಟ್ಟು ಹೊರಬಂದವಳನ್ನು ದೂರದಿಂದ ಹಿಂಬಾಲಿಸಿದ. ಮಂಚಯ್ಯ ಶಾಲೆಯ ಗೇಟು ತೆರೆದ. ಅವಳು ಒಳಗೆ ಹೋದಳು. ಗೇಟು ಮುಚ್ಚಿತು.

ಎದುರಿನ ಅಂಗಡಿಯಲ್ಲಿ ರಂಗಸ್ವಾಮಿ ಒಂದು ಟೀ ಕುಡಿದ. ಇನ್ನೊಂದು ಹೇಳಿದ. ರಸ್ತೆ ದಾಟಿದ್ದರೆ ಎಲ್ಲ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಮಾಡುವುದೇನು? ಅವನು ಎರಡನೇ ಟೀ ಅರ್ಧಕ್ಕೇ ಬಿಟ್ಟು ಅರಕಲಗೂಡಿನ ಬಸ್ಸು ಹತ್ತಿದ.

ಅಂದು ರಾತ್ರಿ ಸಾರು ಬಡಿಸುತ್ತ ಅವಳು ಸೌಟು ಹಿಡಿದುಕೊಂಡೇ ಅವನ ಮುಖ ನೋಡುತ್ತ ನಿಂತಳು.

"ಉಪ್ಪು ಸಾಲ್ದು," ಎಂದ ಅವನು.

*

"ಮೇಷ್ಟ್ರೇ, ಇಂಗ್ ಬನ್ನಿ."

ಹಾರ ಹಾಕಿ ಕೈಮುಗಿದು ನಿಂತಿದ್ದ ಮಂಚಯ್ಯನನ್ನು ರಂಗಸ್ವಾಮಿ ನೀರಿನ ಸಂಪಿನ ಮಗ್ಗುಲಿಗೆ ಕರೆದುಕೊಂಡು ಹೋದ.

"ಶನಿವಾರ ಶನಿವಾರ ಅಲ್ಲಿ ಏನ್ ನಡೀತಿತ್ತು?"

"ಏನ್ ನಡೀತಿತ್ತು ಅಂದ್ರೆ? ಆಟ ಸಾ."

"ನೀವಿಬ್ರೇನಾ?"

"ಇಬ್ರೇ ಎಂಗಾಯ್ತದೆ? ಸ್ಕೂಲಿನ ಹೆಣ್ಮಕ್ಳು ಇರೋರು. ಕಟ್ಟಡದ ಇಂದ್ಗಡೆ ಕೆಮ್ಮಣ್ಣಾಕಿ ಒಂದು ಕೋರ್ಟ್ ಮಾಡ್ಕಂಡಿದ್ದೋ. ನಂಗೆ ಕಬಡ್ಡಿ, ವಾಲಿಬಾಲು ನೋಡ್ಕಳದೇ ಆಗದು. ಟೆನಿಸ್ ಏಳ್ಕೊಡ್ತಿದ್ದಿದ್ದು ಶಾಂತಿ..." ಮಂಚಯ್ಯ ಗಂಟಲು ಸರಿಮಾಡಿಕೊಂಡ. "ಶಾಂತಮ್ಮೋರು."

ಆ ಬದಲಾವಣೆ ರಂಗಸ್ವಾಮಿಯ ಕಿವಿಗೆ ಚುಚ್ಚಿತು.

"ಬಿಳೇ ಸೀರೆ?"

"ಟೆನಿಸ್ಸಿಗೆ ಬಿಳೀದೇ ಸಾ. ಹಳೇ ರೂಲು. ಮಕ್ಳು ಬಣ್ಣದ ಬಟ್ಟೇಲಿ ಬಂದ್ರೆ ಒಳಕ್ಕೇ ಬಿಡ್ತಿರ್ನಿಲ್ಲ. ತಾವು ಮಾತ್ರ ಮದ್ವೆ ಆದೋಳು, ಲಂಗ ಆಕ್ಬಾರ್ದು ಅಂತ ಸೀರೇನೇ ಕಚ್ಚೆ ಕಟ್ಟೋರು. ಮಂಡಿ ಸವ್ಯೋಗಂಟ ಅಂಗೇ ಆಡುದ್ರು."

ಪ್ರತಿ ಪ್ರಶ್ನೆಗೂ ಉತ್ತರ ಸಿದ್ಧವಾಗಿತ್ತು. ಇಷ್ಟು ಸಿದ್ಧವಾಗಿರುವ ಉತ್ತರಗಳನ್ನು ರಂಗಸ್ವಾಮಿ ತನ್ನ ಅಂಗಡಿಯಲ್ಲಿ ಎಂದೂ ನಂಬಿದವನಲ್ಲ.

"ಅಂಗಾರೆ ನನ್ನತ್ರ ಯಾಕೆ ಮುಚ್ಚಿಟ್ರಿ?"

ಮಂಚಯ್ಯ ಅವನನ್ನೇ ನೋಡಿದ. "ನಿಮ್ಗೆ ಗೊತ್ತಿತ್ತಲ್ಲ ಸಾ? ನೀವ್ ಬಂದಿದ್ರಲ್ಲ, ಎದ್ರುಗಡೆ ಟೀ ಅಂಗ್ಡಿಗೆ. ಗೇಟ್ ಹಾಕೋವಾಗ ಅವ್ರೇ ನೋಡಿದ್ದು. 'ನಮ್ಮೆಜಮಾನ್ರು ಬಂದವ್ರೆ, ಚಿಲ್ಕ ಆಕ್ಬೇಡ, ಟೀ ಕುಡ್ದು ಬತ್ತಾರೆ' ಅಂದ್ರು. ಸ್ಟಾಫ್ ರೂಮಿಂದ ಕುರ್ಚಿ ತರ್ಸಿ ನೆಟ್ಟಿನ ಪಕ್ಕ ಆಕ್ಸುದ್ರು. ಅವತ್ತು ನೀವ್ ಬರ್ನಿಲ್ಲ. ಮುಂದಿನ ಶನಿವಾರನೂ ಆಕ್ಸುದ್ರು. ಆಮೇಕೆ ಅದು ನಿಲ್ನೇ ಇಲ್ಲ."

"ಸುಳ್ಳು."

"ಸತ್ತೋರ್ ಮನೇಲಿ ಸುಳ್ಳೇಳಿ ನಂಗೇನಾಗ್ಬೇಕು ಸಾ?"

ಗೇಟಿನ ಹೊರಗೆ ಹಾಸನದ ಕಾರೊಂದು ನಿಂತು, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅಳುತ್ತ ಇಳಿದಳು. ಮಂಚಯ್ಯ ಅತ್ತ ಹೆಜ್ಜೆ ಇಡುವ ಮೊದಲೇ ರಂಗಸ್ವಾಮಿ ಅವನ ತೋಳು ತಡೆದ. "ನೀವಿಲ್ಲೇ ಇರಿ." ತಾನೇ ಹೋಗಿ ವಿಚಾರಿಸಿದ. ಹೆಸರು ರೂಪಶ್ರೀ, ಹೊಳೆನರಸೀಪುರದ ಆ ಶಾಲೆಯಲ್ಲಿ ಓದಿದವಳು, ಈಗ ಬ್ಯಾಂಕಿನಲ್ಲಿ ಕೆಲಸ.

"ಶನಿವಾರದ ಆಟಕ್ಕೆ ನೀನೂ ಬತ್ತಿದ್ದೇನವ್ವ?"

"ಎಂಟನೇ ಕ್ಲಾಸಿಂದ ಅಂಕಲ್. ನನ್ನ ಸರ್ವೀಸು ಪೂರ್ತಿ ಮೇಡಂ ಕೊಟ್ಟಿದ್ದು."

"ಅಲ್ಲಿ ಕುರ್ಚಿ ಏನಾದ್ರೂ ಇತ್ತಾ?"

ಅವಳು ಅಳು ನಿಲ್ಲಿಸಿ ನೋಡಿದಳು. "ನೆಟ್ ಪಕ್ಕದ್ದಾ? ಒಂದ್ಸಲ ಕೂತ್ಬಿಟ್ಟು ಬೈಸ್ಕೊಂಡಿದ್ದೆ. ಅದು ಅಂಪೈರ್‌ದು ಅನ್ನೋರು ಮೇಡಂ. ಯಾರು ಮೇಡಂ ಅಂಪೈರು ಅಂದ್ರೆ, 'ಬತ್ತಾರೆ ತಡಿಯೇ, ಅಂಗ್ಡಿ ಬಾಗ್ಲು ಹಾಕ್ಕೊಂಡು ಬರ್ಬೇಕಲ್ಲ' ಅನ್ನೋರು. ನಾವೆಲ್ಲ ನಗಾಡ್ತಿದ್ವಿ. ಸ್ಕೂಲ್ ಬಿಡೋವರ್ಗೂ ಒಬ್ರೂ ಬಂದಿದ್ದು ನೋಡ್ಲಿಲ್ಲ." ಮೂಗು ಒರೆಸಿಕೊಂಡಳು. "ಯಾಕೆ ಕೇಳಿದ್ರಿ ಅಂಕಲ್?"

"ಸುಮ್ನೆ."

ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಬಂದಿರಬಹುದು ಎಂದಿತು ಅವನ ಮನಸ್ಸು. ಆದರೆ ಅಂಗಡಿ ಬಾಗಿಲಿನ ಮಾತನ್ನು ಮಂಚಯ್ಯ ಹೇಳಿರಲಿಲ್ಲ. ಅದು ಶಾಂತಿಯ ಮಾತೇ. ಊಟಕ್ಕೆ ತಡವಾದಾಗಲೆಲ್ಲ ಮಗನಿಗೆ ಅವಳು ಹೇಳುತ್ತಿದ್ದದ್ದೂ ಹಾಗೆಯೇ.

ಸಾರಿನ ಸೌಟು ಹಿಡಿದು ನಿಂತ ಅವಳ ಮುಖ ನೆನಪಾಯಿತು. ಆ ರಾತ್ರಿ ತಾನು ಬೇರೆ ಯಾವ ಮಾತು ಆಡಿದ್ದರೂ ಆಗುತ್ತಿತ್ತು.

*

ತವರಿನ ಕೆಂಪು ಸೀರೆ ಬಂತು, ಹೆಣ ಎದ್ದಿತು. ಮಲ್ಲಿಪಟ್ಟಣದ ಹೊಗೆಸೊಪ್ಪಿನ ಹೊಲದ ಬದುವಿನಲ್ಲಿ ಗುಂಡಿ ಸಿದ್ಧವಾಗಿತ್ತು. ಶಾಂತಮ್ಮನನ್ನು ಕೆಳಗಿಳಿಸಿದ ಮೇಲೆ ರವೀಂದ್ರ ಮಣ್ಣು ಹಾಕಿ ಹಿಂದೆ ಸರಿದ. ರಂಗಸ್ವಾಮಿ ಬಗ್ಗಿ ಒಂದು ಹಿಡಿ ಹಾಕಿದ. ಎರಡನೆಯದನ್ನೂ ಹಾಕಿದ. ಮೂರನೆಯದನ್ನು ಹಿಡಿದು ಸುತ್ತ ನೋಡಿದ. ನೆಂಟರೆಲ್ಲರ ಹಿಂದೆ, ದೂರದ ಬೇಲಿಯ ಹತ್ತಿರ, ಮಂಚಯ್ಯ ಒಬ್ಬನೇ ನಿಂತಿದ್ದ.

"ಮೇಷ್ಟ್ರೇ, ಮುಂದಕ್ಕೆ ಬನ್ನಿ."

"ಅಣ್ಣ, ಇನ್ನೂ ನಮ್ಮೋರ್ದೇ ಆಗಿಲ್ಲ," ಎಂದು ಮಂಜುನಾಥ ಕಿವಿಯಲ್ಲಿ ಗೊಣಗಿದ. "ಅವ್ರು ಯಾರು ಅಂತ ಗೊತ್ತು ತಾನೆ ನಿಂಗೆ?"

"ಗೊತ್ತಿಲ್ಲ. ದಾರಿ ಬಿಡ್ಲಾ."

ಜನ ಸರಿದರು. ಮಂಚಯ್ಯ ಬಂದು ಗುಂಡಿಯ ಆಚೆ ದಡದಲ್ಲಿ ನಿಂತ. ಈಚೆ ದಡದಲ್ಲಿ ರಂಗಸ್ವಾಮಿ. ಮಂಚಯ್ಯ ಮಣ್ಣಿಗೆ ಬಗ್ಗಲಿಲ್ಲ. ಒಂದು ಗಳಿಗೆ ಕೆಳಗೆ ನೋಡಿದ. ಆಮೇಲೆ ಮೈಯನ್ನು ಮುಂದಕ್ಕೆ ಬಾಗಿಸಿ, ಆಟ ಮುಗಿದಾಗ ನೆಟ್ಟಿನ ಮೇಲಿಂದ ಎದುರಾಳಿಗೆ ಚಾಚುವಂತೆ, ಗುಂಡಿಯ ಮೇಲಿಂದ ಬಲಗೈ ಚಾಚಿದ. ಸಾವಿನಲ್ಲಿ ಇಂಥದ್ದೊಂದು ಶಾಸ್ತ್ರವನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ದೊಡ್ಡತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೂಪಶ್ರೀಯೊಬ್ಬಳು ಬಿಕ್ಕಿದಳು.

ರಂಗಸ್ವಾಮಿ ಆ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಹಿಡಿಯಲ್ಲಿ ಮಣ್ಣಿದ್ದಂತೆಯೇ ತನ್ನ ಕೈಯನ್ನು ನೀಡಿದ. ಮಂಚಯ್ಯ ಬಿಗಿಯಾಗಿ ಹಿಡಿದುಕೊಂಡ. ಎರಡು ಅಂಗೈಗಳ ನಡುವಿನ ಮಣ್ಣು ಬೆರಳ ಸಂದುಗಳಿಂದ ಪುಡಿಪುಡಿಯಾಗಿ ಸೋರಿ, ಕೆಳಗೆ ಕೆಂಪು ಸೀರೆಯ ಮೇಲೆ ಬೀಳುತ್ತಲೇ ಇತ್ತು.