ಶಿವಗಂಗಾಬಾಯಿಯ ದನಿ ಇದ್ದ ಜಾಗ

೧
ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ತೊಂಬತ್ಮೂರರ ಭೂಕಂಪದಿಂದ ಎಂದು ಕೈ ತಾನಾಗಿಯೇ ಹೊರಟಿತು, ತಡೆದೆ. ಈ ಗಡಿಸೀಮೆಯ ಪ್ರತಿಯೊಂದು ತಪ್ಪನ್ನೂ ಭೂಮಿಯ ತಲೆಗೆ ಕಟ್ಟುವುದು ಬರಹಗಾರರ ಸೋಮಾರಿತನ. ಈ ತಪ್ಪು ಉಮರ್ಗಾದಲ್ಲಿ ಮದುವೆಯ ವಿಡಿಯೋ ತೆಗೆಯುವ ಭರತನದು.

೨
(ಮೊದಲ ಕರಡು. ಹರಿದುಹಾಕಿದ್ದೇನೆ, ಆದರೂ ಓದಿ.)
ಭರತ ಎಡಿಟಿಂಗಿಗೆಂದು ಮ್ಯಾಕ್ ಕೊಂಡಿದ್ದ. ಅವನಿಗೆ ಬೇಕಾದ ಯುದ್ಧದ ಗೇಮ್ ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿತ್ತು. ಆದ್ದರಿಂದ ವರ್ಚುವಲ್ ಮಶೀನ್ ಎಂಬ ಸಾಫ್ಟ್‌ವೇರ್ ಹಾಕಿ, ಮ್ಯಾಕಿನ ಹೊಟ್ಟೆಯೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರನ್ನು ಕೂರಿಸಿದ. ಅದು ಜಾಗ ಕೇಳಿತು. ಮದುವೆಗಳ ಮೂಲ ಚಿತ್ರೀಕರಣವಿದ್ದ ‘ಮುಗಿದ ಕೆಲಸ’ ಎಂಬ ಫೋಲ್ಡರನ್ನು ಅಳಿಸಿ ಕೊಟ್ಟ. ಗೇಮ್ ಮುಗ್ಗರಿಸುತ್ತ ಓಡಿತು; ಮೂರನೆಯ ದಿನ ಬೇಸರವಾಗಿ ಬಿಟ್ಟ.
(ಹರಿದದ್ದೇಕೆ? ಮುಂದಿನ ಸಾಲಿನಿಂದ ಉಪದೇಶ ತೊಡಗಿತ್ತು. ನಲವತ್ತು ವರ್ಷ ಪಾಠ ಹೇಳಿದವನ ಚಾಳಿ.)

೩
ಶಾಂಭವಿ ಬಂದಳು. ಗುಂಜೋಟಿಯವಳು, ನಿಲಂಗಾಕ್ಕೆ ಲಗ್ನವಾಗಿ ಹೋದವಳು. ಆ ಲಗ್ನದ ವಿಡಿಯೋ ಭರತನದೇ. ಮದುಮಗಳನ್ನು ಕೂರಿಸಿ ಸುರಗಿಯ ನೀರು ಹಾಕುವಾಗ, ಅವಳು ‘ಆಯಿ’ ಎನ್ನುವ ಅಜ್ಜಿ ಶಿವಗಂಗಾಬಾಯಿ ಸೋಬಾನ ಪದ ಹಾಡಿದ್ದಳು. ಆ ಪದ ಬಲ್ಲ ಉಳಿದ ಹೆಂಗಸರೆಲ್ಲ ಭೂಕಂಪದಲ್ಲೇ ಹೋಗಿದ್ದರು. (ನೋಡಿ, ಅದು ಒಳಗೆ ಬಂದೇಬಿಟ್ಟಿತು.) ಈಗ ಅಜ್ಜಿಯೂ ಇಲ್ಲ. ಭರತ ಕೊಟ್ಟ ವಿಡಿಯೋದಲ್ಲಿ ಅವಳ ತುಟಿ ಅಲುಗುತ್ತದೆ, ಕೇಳುವುದು ಸಿನೆಮಾ ಹಾಡು. ಮನುಷ್ಯರ ದನಿಯನ್ನು ಒರೆಸಿ ಸಿನೆಮಾ ಹಾಡು ಹೊದಿಸುವುದಕ್ಕೆ ಈ ಕಸುಬಿನವರು ‘ಫಿನಿಶಿಂಗ್’ ಎನ್ನುತ್ತಾರೆ!

“ಭರತಣ್ಣಾ, ಆ ಸಿನೆಮಾದ್ದು ತಗದು, ನಮ್ಮ ಆಯಿ ದನಿ ಇದ್ದದ್ದು ಕೊಡು.”
“ಅದು ಇಲ್ಲ ತಂಗಿ. ಜಾಗಾ ಸಾಲಲಿಲ್ಲ, ಅಳಿಸೀನಿ.”
“ಯಾತಕ್ಕ ಸಾಲಲಿಲ್ಲ?”
“ಗೇಮ್ ಹಾಕಿದ್ದೆ.”
“ಅಯ್ಯ ನಿನ್ನ! ಗಡ್ಡಾ ಮೀಸಿ ಬಂದಾವ, ಇನ್ನಾ ಆಟಾ ಆಡ್ತಿ? ಚೇಷ್ಟಿ ಸಾಕು, ಪೆನ್ ಡ್ರೈವ್ ತಂದೀನಿ.”
ನಗುತ್ತ ಚಾಚಿದ ಪೆನ್ ಡ್ರೈವನ್ನು ಭರತ ಅವಳ ಕೈಗೇ ಮರಳಿಸಿದ. ಅವಳ ನಗು ಅಲ್ಲಿಗೇ ನಿಂತಿತು.

೪
ಭರತ ನನ್ನ ಮೇಲೆ ತಿರುಗಿದ: “ಸರ್, ಬರೀಲತ್ತವ್ರು ನೀವು. ಬ್ಯಾರೆ ಹಾರ್ಡ್‌ಡಿಸ್ಕಿನ್ಯಾಗ ಒಂದು ಕಾಪಿ ಸಿಕ್ತಂತ ಬರೀರಿ. ನಿಮ್ದೇನು ಹೋಗ್ತದ?”
ಬರೆದೆ. ಕಾಪಿ ಸಿಕ್ಕಿತು, ಶಾಂಭವಿ ಅತ್ತಳು, ಓದುಗರೂ ಅತ್ತರು. ನಾಚಿಕೆಯಾಗಿ ಹೊಡೆದುಹಾಕಿದೆ.
ಭರತ ಬಿಡಲಿಲ್ಲ: “ಸ್ನ್ಯಾಪ್‌ಶಾಟ್ ಅದ ರೀ! ಒಂದು ಗುಂಡಿ ಒತ್ತಿದ್ರ ವಿಂಡೋಸ್ ಹಿಂದಿನ ದಿನಕ್ಕ ಹೋಗ್ತದ.”
ಹೋಯಿತು. ಗೇಮಿನಲ್ಲಿ ಸತ್ತ ಸೈನಿಕರೆಲ್ಲ ಎದ್ದು ನಿಂತರು. ಆದರೆ ಮರಳಿದ್ದು ಒಳಗಿನ ಸುಳ್ಳು ಕಂಪ್ಯೂಟರ್ ಮಾತ್ರ. ಹೊರಗಿನ ಮ್ಯಾಕಿನಲ್ಲಿ ಅಳಿದದ್ದು ಅಳಿದೇ ಇತ್ತು.

೫
ಭರತನನ್ನು ಶಾಂಭವಿ ಬೈಯಲಿ ಎಂದು ಕಾದೆ. (ನ್ಯಾಯ ಹೇಳಲು ನನಗೊಂದು ಅವಕಾಶ ಬೇಕಿತ್ತು.) ಅವಳು ಬೈಯಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ಸದ್ದು ಪೂರ್ತಿ ಇಳಿಸಿ, ಅಜ್ಜಿಯ ತುಟಿ ನೋಡುತ್ತ ಸಣ್ಣಗೆ ಹಾಡತೊಡಗಿದಳು. ಎರಡು ಸಾಲು ಬಂದವು. ಮೂರನೆಯದಕ್ಕೆ ನಿಂತಳು. ಹಿಂದೆ ಸರಿಸಿ ನೋಡಿದಳು. ಮತ್ತೆ ಅಲ್ಲಿಯೇ ನಿಂತಳು.
“ಮುಂದ ಏನದ ರೀ, ಸರ್? ನೀವು ಬರೆಯೋರು. ನಿಮಗ ಗೊತ್ತಿರ್ತದ.”

ಒಂದು ಸಾಲು ಹೊಂದಿಸಿ ಕೊಡಬಲ್ಲೆ; ಪ್ರಾಸವೂ ಕೂಡುತ್ತದೆ. ಅವಳು ನಂಬುತ್ತಾಳೆ, ಮುಂದೆ ಮಗಳಿಗೂ ಕಲಿಸುತ್ತಾಳೆ. ಆದರೆ ಆ ಸಾಲನ್ನು ಶಿವಗಂಗಾಬಾಯಿ ಹಾಡಿರಲಿಲ್ಲ. ಬರೆಯುವುದಿಲ್ಲ. ಓದುಗರೇ, ನಿಮಗೆ ತೋಚಿದರೂ ಹೇಳಬೇಡಿ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಾಳೆ.