ಮೂರು ಚುಕ್ಕಿಯ ಮೇಲಿನ ಅಂಟು

"ನಾ ವೈರ್ ಕಿತ್ತೀನಿ ಅಂತ ನೀವ ಹೇಳಿದ್ರಂತ, ಹೌದೇನ್ರಿ?"

ಬೆಟಗೇರಿಯ ಕ್ಯಾಮೆರಾ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ಕರಿಯವ್ವ ಕೇಳಿದಳು. ಲಕ್ಷ್ಮೇಶ್ವರದ ಮೈಲಾರಪ್ಪನ ಮೆಣಸಿನಕಾಯಿ ಗೋದಾಮಿನಲ್ಲಿ ಹನ್ನೊಂದು ವರ್ಷದಿಂದ ಕಸ ಗುಡಿಸುವವಳು. ಅವಳು ಗುಡಿಸುವ ಹೊತ್ತಿಗೇ ದಿನವೂ ಕ್ಯಾಮೆರಾ ಆರಿಹೋಗುತ್ತಿತ್ತು. ಆ ಮರೆಯಲ್ಲಿ ಏನೋ ಸಾಗಿಸುತ್ತಾಳೆಂದು ಮೈಲಾರಪ್ಪ ಮೊನ್ನೆ ಕೆಲಸ ಬಿಡಿಸಿದ್ದ. ಕಳ್ಳಿ ಎಂಬ ಮಾತು ಅವಳಿಗಿಂತ ಮೊದಲೇ ಶಿಗ್ಲಿಯ ಅವಳ ಓಣಿ ಮುಟ್ಟಿತ್ತು.

ಮಾಲೀಕ ಚನ್ನಬಸವಣ್ಣ ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಮ್ಮ ಕ್ಯಾಮೆರಾ ತಾನಾಗೇ ಆರಂಗಿಲ್ಲವಾ. ಯಾರರ ಕಿತ್ತಿರಬೇಕು. ಹೋಗ್, ಗಿರಾಕಿ ಬರೂ ಹೊತ್ತು."

ಒಳಗೆ ಕೂತಿದ್ದ ಮೌನೇಶ ಕೈಯಲ್ಲಿದ್ದ ಕ್ಯಾಮೆರಾ ಕೆಳಗಿಟ್ಟ. ಅಗ್ಗದ ಕ್ಯಾಮೆರಾ ತರಿಸಿ, ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಫರ್ಮ್‌ವೇರ್ ಅಳಿಸಿ, ತಮ್ಮದನ್ನು ತುಂಬಿ, ತಮ್ಮ ಹೆಸರಲ್ಲಿ ಮಾರುವುದು ಈ ಅಂಗಡಿಯ ದಂಧೆ. ಆ ಫರ್ಮ್‌ವೇರ್ ಬರೆದವನು ಮೌನೇಶ. ಕ್ಯಾಮೆರಾ ಆರುತ್ತದೆಂದು ಮೈಲಾರಪ್ಪನ ದೂರು ಬಂದ ದಿನವೇ ಬಿಚ್ಚಿ ನೋಡೋಣವೆಂದಿದ್ದ. ಮಾಲೀಕ ಬೇಡವೆಂದ, ಇವನು ಸುಮ್ಮನಾದ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಮೊಸರಿನ ಗಡಿಗೆ ಹಿಡಿದು ನಿಂತವನು ತಾನೇ ಎಂದು ನೆನೆದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಡಿ ಯಕ್ಕಾ, ಗೋದಾಮಿಗೇ ಹೋಗೂಣು," ಎಂದು ಲ್ಯಾಪ್‌ಟಾಪ್ ಹೆಗಲಿಗೇರಿಸಿದ.

"ಲೇ ಮೌನೇಶ, ಎಲ್ಲಿಗಿ?"

"ನಮ್ಮ ಕ್ಯಾಮೆರಾ ಖರೇ ಹೇಳತೈತೋ ಸುಳ್ಳೋ, ಕೇಳಿ ಬರ್ತೀನ್ರಿ."

ಕ್ಯಾಮೆರಾದ ಹೊಟ್ಟೆಯೊಳಗೆ ಲೋಹದ ಮೂರು ಚುಕ್ಕಿಗಳಿರುತ್ತವೆ. ಅವಕ್ಕೆ ಮೂರು ತಂತಿ ಬೆಸೆದರೆ ಅದು ತನ್ನ ಸಂಕಟವನ್ನೆಲ್ಲ ಲ್ಯಾಪ್‌ಟಾಪಿಗೆ ಹೇಳಿಕೊಳ್ಳುತ್ತದೆ. ಬೇರೆಯವರು ನಕಲು ಮಾಡಬಾರದೆಂದು ಅಂಗಡಿಯಲ್ಲಿ ಆ ಚುಕ್ಕಿಗಳ ಮೇಲೆ ಕರಿ ಅಂಟು ಸುರಿಯುತ್ತಿದ್ದರು. ಸುರಿದ ಕೈಯೂ ಮೌನೇಶನದೇ. ಥೂ! ಈಗ ಗೋದಾಮಿನಲ್ಲಿ ಕೂತು, ಅಕ್ಕಸಾಲಿಗನಾಗಿದ್ದ ಅಪ್ಪ ಅರಗು ಬಿಸಿ ಮಾಡಿ ಒಡವೆ ಬಿಡಿಸುತ್ತಿದ್ದಂತೆ ಆ ಅಂಟನ್ನು ಮೆತ್ತಗೆ ಕಾಯಿಸಿ, ಅಪ್ಪನದೇ ಚಿಮಟದಿಂದ ಎಬ್ಬಿಸಿದ. ಸುಟ್ಟ ಕೂದಲಿನಂಥ ನಾತಕ್ಕೆ ವಾಕರಿಕೆ ಬಂತು.

ತಂತಿ ಬೆಸೆದು ನೋಡಿದರೆ, ಕ್ಯಾಮೆರಾ ಕಣ್ಣು ಬಿಡುವ ಮೊದಲೇ ಅರ್ಧ ಮೆಮೊರಿ ಮುಗಿದಿತ್ತು. ತಿಂದವರು ಯಾರು? ಚನ್ನಬಸವಣ್ಣನ ಹುಟ್ಟುಹಬ್ಬದ ಬ್ಯಾನರು! ಪೇಟ ಸುತ್ತಿ, ಶಾಲು ಹೊದ್ದು, ಕೈಮುಗಿದ ಫೋಟೋ. ಕ್ಯಾಮೆರಾ ಚಾಲೂ ಆದಾಗಲೆಲ್ಲ ಆ ಮುಖ ಟೀವಿಯಲ್ಲಿ ಮೂಡಲೇಬೇಕೆಂದು ಮಾಲೀಕ ಹಟ ಹಿಡಿದಿದ್ದ. ಇದ್ದ ಚೂರು ಜಾಗದಲ್ಲಿ ಅದನ್ನು ತುರುಕಿದವನು ಮೌನೇಶ. ಬೇಡ ಎಂಬ ಒಂದು ಮಾತೂ ಅಂದು ಅವನ ಬಾಯಿಂದ ಹೊರಟಿರಲಿಲ್ಲ.

"ಸಾಹುಕಾರ್ರ, ಕರೆಂಟಿನ ವೈರ್ ನೀವ ಹಿಡಕೋರಿ," ಎಂದು ಮೈಲಾರಪ್ಪನಿಗೆ ಹೇಳಿ, ಕರಿಯವ್ವನ ಕಡೆ ತಿರುಗಿದ. "ಯಕ್ಕಾ, ದಿನಾ ಹೊಡದಂಗ ಕಸಾ ಹೊಡಿ."

"ಕಳ್ಳಿ ಕೈಯಾಗ ಕಸಬರಗಿ ಯಾಕೋ ತಮ್ಮಾ?" ಎಂದಳು. ಆದರೂ ಸೆರಗು ಬಿಗಿದು ಹೊಡೆಯತೊಡಗಿದಳು. ಕೆಂಪು ಧೂಳು ಎದ್ದಿತು. ಏನೇ ಅಲುಗಾಡಿದರೂ ಹಿಡಿದಿಡಬೇಕೆಂದು ಕ್ಯಾಮೆರಾಗೆ ಹೇಳಿಕೊಟ್ಟಿತ್ತು; ಈಗ ಧೂಳು, ಹೊಟ್ಟು, ಕಸಬರಿಗೆ ಎಲ್ಲವೂ ಒಟ್ಟಿಗೆ ಅಲುಗಾಡಿ, ಉಳಿದ ಮೆಮೊರಿ ಸರಸರನೆ ಇಳಿಯಿತು. ಮೆಮೊರಿ ಸಾಲದು ಎಂದು ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬಂತು. ಕ್ಯಾಮೆರಾ ಆರಿತು.

ವೈರು ಮೈಲಾರಪ್ಪನ ಮುಷ್ಟಿಯಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಮತ್ತೆ ಚಾಲೂ ಆಗಿ, ಗೋಡೆಯ ಟೀವಿ ತುಂಬ ಚನ್ನಬಸವಣ್ಣ ಕೈಮುಗಿದು ನಿಂತ.

ಮೈಲಾರಪ್ಪ ಕೆಮ್ಮಿದ. "ಆತು ಬಿಡವಾ, ತಪ್ಪಾತು. ನಾಳಿಂದ ಬಾ."

ಕರಿಯವ್ವ ಟೀವಿಯನ್ನೇ ನೋಡಿದಳು. "ಇಷ್ಟ ದೊಡ್ಡ ಮಾರಿ ಇಟಗೊಳ್ಳಾಕ ಅದಕ್ಕ ಜಾಗಾ ಐತಿ. ನನ್ನ ಖರೇ ಇಟಗೊಳ್ಳಾಕ ಇಲ್ಲ." ಹೊರಗೆ ಹೋಗಿ ಕ್ಯಾಕರಿಸಿ ಉಗಿದು ಬಂದಳು. "ಇಲ್ಲಿ ಹೇಳಿದ್ರ ಯಾರಿಗೆ ಕೇಳತೈತ್ರಿ? ನಮ್ಮ ಓಣ್ಯಾಗ ಬಂದು ಹೇಳ್ರಿ. ಆಮ್ಯಾಲ ಬರ್ತೀನಿ."

ಅಷ್ಟರಲ್ಲಿ ಮೌನೇಶನಿಗೆ ಚನ್ನಬಸವಣ್ಣನ ಫೋನು ಬಂತು. "ಏನರ ಮಾಡ್ಕೋ, ಫೋಟೋಕ್ಕ ಮಾತ್ರ ಕೈ ಹಚ್ಚಬ್ಯಾಡ."

"ತಗದೀನ್ರಿ," ಎಂದು ಮೌನೇಶ ಫೋನಿಟ್ಟು, ಆಮೇಲೆ ಫೋಟೋ ಅಳಿಸಿದ.

ಸಂಜೆ ಶಿಗ್ಲಿಯ ಓಣಿಯಲ್ಲಿ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬಂದರು. ಮೈಲಾರಪ್ಪ ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದ. ಮೌನೇಶ ಮುಂದೆ ಬಂದ. ಅವನ ಉಗುರಿನ ಸಂದಿಯಲ್ಲಿ ಕರಿ ಅಂಟು ಇನ್ನೂ ಇತ್ತು.

"ಕಿತ್ತಾಕಿ ಈಕಿ ಅಲ್ರಿ," ಎಂದ. "ಕ್ಯಾಮೆರಾದ ಐಬು ಮುಚ್ಚಿಟ್ಟಾಂವ ನಾನು."