ಸದ್ದು ಮಾಡದ ಗಂಟೆ

ಬೀದರಿನ ಆಸ್ಪತ್ರೆಯ ಆ ಕೋಣೆಯಲ್ಲಿ ದೀಪ ಆರಿಸಿದ್ದರು. ಬಸುರಿ ಮೊಮ್ಮಗಳು ರಾಧಿಕಾಳ ಹೊಟ್ಟೆಯ ಮೇಲೆ ಡಾಕ್ಟರಮ್ಮ ಸ್ಕ್ಯಾನಿಂಗ್ ಯಂತ್ರ ಆಡಿಸುತ್ತಿದ್ದಂತೆ ಪರದೆಯಲ್ಲಿ ಬೂದು ಮಂಜು ಕದಲಿತು. ಸಖುಬಾಯಿಗೆ ಅದು ತನ್ನೂರು ಚಿಂತಾಕಿಯ ಹೊಲದಲ್ಲಿ ನಸುಕಿನ ಹೊತ್ತು ಕುರಿಹಿಂಡು ಮಗ್ಗುಲು ಬದಲಿಸಿದ ಹಾಗೆ ಕಂಡಿತು. ಮಂಜಿನೊಳಗಿಂದ ಪುಟ್ಟ ಮುಖವೊಂದು ತೇಲಿ ಬಂತು.

ಡಾಕ್ಟರಮ್ಮನ ಕೈ ಅಲ್ಲೇ ನಿಂತಿತು. ಕಣ್ಣಿನ ಮಣಿ ಕಪ್ಪಗೆ ಕಾಣಬೇಕಾದಲ್ಲಿ ಬೆಳ್ಳಗಿದೆ, ಎರಡರಲ್ಲೂ. ಹುಟ್ಟುವ ಮೊದಲೇ ಪೊರೆ ಬರುವುದು ಬಹಳ ಅಪರೂಪ ಎಂದರು. ಹುಟ್ಟಿ ತಿಂಗಳಾಗುವ ಹೊತ್ತಿಗೆ ತೆಗೆಸಬೇಕು, ತಡವಾದರೆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲವಂತೆ.

ಔರಾದಿಗೆ ಮರಳುವ ಬಸ್ಸಿನಲ್ಲಿ ರಾಧಿಕಾ ಅಜ್ಜಿಯ ಹೆಗಲಿಗೆ ಒರಗಿದಳು. ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಸಖುಬಾಯಿಯ ಮನಸ್ಸು ಆಗಲೇ ತನ್ನ ತಮ್ಮ ಮಡೆಪ್ಪನ ಹತ್ತಿರ ಹೋಗಿಬಿಟ್ಟಿತ್ತು. ಅವರ ಮನೆತನದಲ್ಲಿ ಬಾಣಂತಿ, ಕೂಸು ಸವ್ವಾ ತಿಂಗಳು, ಅಂದರೆ ಸುಮಾರು ನಲವತ್ತು ದಿನ, ಕತ್ತಲಕೋಣೆಯ ಹೊಸ್ತಿಲು ದಾಟುವಂತಿಲ್ಲ. ದಾಟಿದ ದಿನ ಅವ್ವ ಬಿಸಿಲಿಗೆ ಹಿಡಿದಾಗಲೇ ಮಡೆಪ್ಪನ ಕಣ್ಣೊಳಗಿನ ಬಿಳುಪು ಕಂಡದ್ದು. ಕಣ್ಣು ಕಾಣದ ಅವನು ಮುಂದಿನ ಕುರಿಯ ಕೊರಳ ಗಂಟೆಯ ಸದ್ದು ಹಿಡಿದು ನಡೆದೇ ಆಯುಷ್ಯ ಕಳೆದ. ಸಾಯುವಾಗ ಆ ಗಂಟೆಯನ್ನು ಅಕ್ಕನ ಕೈಗಿಟ್ಟ.

ಬೀದರಿನ ಆಸ್ಪತ್ರೆಯಲ್ಲೇ ರಾಧಿಕಾಳಿಗೆ ಹೆಣ್ಣು ಹುಟ್ಟಿತು. ಅಲ್ಲಿಯ ಕಣ್ಣಿನ ಡಾಕ್ಟರು ಪೊರೆ ಇರುವುದು ಖರೆ ಎಂದು ಆಪರೇಶನ್ನಿಗೆ ಕೊಟ್ಟ ತಾರೀಖು ಸವ್ವಾ ತಿಂಗಳಿಗಿಂತ ಮೊದಲೇ ಬಿತ್ತು. ಹೊರಡುವ ದಿನ ಭಾಲ್ಕಿಯಿಂದ ಬಂದಿದ್ದ ರಾಧಿಕಾಳ ಅತ್ತೆ ಸಿದ್ದೇಶ್ವರಿ ಕೋಣೆಯ ಬಾಗಿಲಿಗೆ ಅಡ್ಡ ಕೂತಳು. ಗಾಳಿ ಸೋಕಿದರೆ ಹೊಣೆ ಯಾರು ಎಂದಳು.

"ನೀವು ಹಿರೇರು. ನೀವೇ ಮನಿ ರೀತಿ ಮುರದ್ರ ಹ್ಯಾಂಗರಿ?"

ಸಖುಬಾಯಿ ಕೂಸನ್ನು ಕಂಬಳಿಯಲ್ಲಿ ಸುತ್ತುತ್ತಿದ್ದಳು.

"ಹೊಟ್ಟಿ ಕತ್ತಲದಾಗ ಕಂಡದ್ದನ್ನ ಮನಿ ಕತ್ತಲದಾಗ ಮುಚ್ಚಿಡೂದ್ಯಾಕರಿ ಬೀಗತಿ? ಕೂಸಿನ್ನ ನಾ ಎತ್ಕೊತೇನಿ, ನೀವು ಬುತ್ತಿ ಹಿಡೀರಿ. ಗಾಳಿ ಅಂದ್ರ ಅಷ್ಟು ಅಂಜಿಕಿ ಇದ್ರ ಬಸ್ಸಿನ್ಯಾಗ ಕಿಟಕಿ ಕಡೆ ನೀವೇ ಕೂಡ್ರಿ."

ಸಿದ್ದೇಶ್ವರಿ ಗೊಣಗುತ್ತಲೇ ಎದ್ದಳು. ಬೀದರಿನ ತನಕ ಕಿಟಕಿಗೆ ಬೆನ್ನು ಕೊಟ್ಟು ಕೂತವಳೂ ಅವಳೇ.

ಚಳಿಗಾಲ ಬಂತು. ಅಂಗಳದ ಎಳೆಬಿಸಿಲಲ್ಲಿ ಕೂಸು ರಾಧಿಕಾಳ ತೊಡೆಯ ಮೇಲಿತ್ತು. ಮುಖದ ತುಂಬ, ಪೊರೆ ತೆಗೆದ ಮೇಲೆ ಕೊಟ್ಟ ದಪ್ಪ ಗಾಜಿನ ಕನ್ನಡಕ. ಸಖುಬಾಯಿ ಒಳಗಿನಿಂದ ಮಡೆಪ್ಪನ ಗಂಟೆ ತಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಹಿತ್ತಾಳೆ ಹೊಳೆಯುತ್ತಿತ್ತು. ಸದ್ದಾಗದಂತೆ ಅದರ ನಾಲಿಗೆಯನ್ನು ಬೆರಳಲ್ಲಿ ಬಿಗಿಹಿಡಿದು, ಮೆಲ್ಲಗೆ ಬೇವಿನ ಮರದ ಕಡೆ ಸರಿಸಿದಳು.

ಗಾಜಿನ ಹಿಂದಿನ ಕಣ್ಣುಗಳು ಆ ಕಡೆ ಸರಿದವು.

ಕುರಿಹಟ್ಟಿಯ ಕಡೆ ತಂದಳು. ಅಲ್ಲಿಗೂ ಬಂದವು.

ಬೆರಳು ಜುಮುಗುಟ್ಟಿದರೂ ಸಖುಬಾಯಿ ಗಂಟೆಯ ನಾಲಿಗೆ ಬಿಡಲಿಲ್ಲ.